ಬಲಗಾಲಿನ ಸರದಿ

ಬೆಳಗಿನ ಮಂಜು ಇನ್ನೂ ಮೆಟ್ಟಿಲು ಬಿಟ್ಟು ಎದ್ದಿಲ್ಲ. ವಾಲ್ಪರೈಸೊದ ಗುಡ್ಡದಿಂದ ಬಸ್ ನಿಲ್ದಾಣಕ್ಕೆ ಇಳಿಯುತ್ತಿರುವ ನನ್ನನ್ನು ತಿರುವಿನಲ್ಲಿ ತಾಳದ ಸದ್ದೊಂದು ನಿಲ್ಲಿಸುತ್ತದೆ. ಅರವತ್ತರ ಹತ್ತಿರದ ಹೆಂಗಸೊಬ್ಬರು ಬೆನ್ನಿಗೆ ದೊಡ್ಡ ಡೋಲು ಕಟ್ಟಿಕೊಂಡು, ಉದ್ದನೆಯ ಕೋಲುಗಳಿಂದ ಅದನ್ನು ಬಡಿಯುತ್ತ ಒಂಟಿಕಾಲಲ್ಲಿ ಗಿರ್ರನೆ ತಿರುಗುತ್ತಿದ್ದಾರೆ. ಡೋಲಿನ ನೆತ್ತಿಯ ತಾಳಗಳಿಂದ ಇಳಿದ ಹಗ್ಗ ಎಡಗಾಲಿನ ಬೂಟಿಗೆ ಕಟ್ಟಿದೆ. ಕಾಲು ಒದ್ದರೆ ತಾಳ ಬಡಿಯುತ್ತದೆ. ಇದ್ದಕ್ಕಿದ್ದಂತೆ ತೂರಾಡಿ ಕಂಬಿ ಹಿಡಿಯುತ್ತಾರೆ. ಮತ್ತೆ ಶುರು ಮಾಡುತ್ತಾರೆ.

"ಆ ಕಡೆ ನಿಂತ್ಕೊಳಮ್ಮ. ಬಿದ್ರೆ ನಿನ್ನ ಮೇಲೇ ಬೀಳ್ತೀನಿ," ಎನ್ನುತ್ತಾರೆ ನನಗೆ.

ಇವರು ನೋಲ್ಫಾ ಅರಾವೋಸ್. ಅಪ್ಪ ಎಂಟನೇ ವಯಸ್ಸಿಗೆ ಡೋಲು ಹೊರಿಸಿದಾಗ, ಹುಡುಗಿಯ ಬೆನ್ನಿಗೆ ಇದೇನು ಗ್ರಹಚಾರ ಎಂದು ನೆಂಟರು ನಕ್ಕಿದ್ದರಂತೆ. ಅಂದಿನಿಂದ ಭಾರವೆಲ್ಲ ಎಡಗಾಲಿನ ಮೇಲೆ, ಹಗ್ಗ ಬಲಗಾಲಿಗೆ. ಕಳೆದ ಚಳಿಗಾಲದಲ್ಲಿ ಎಡ ಮಂಡಿ ಕೈಕೊಟ್ಟು, ಚೌಕದ ಕಲ್ಲುಹಾಸಿನ ಮೇಲೆ ಡೋಲಿನ ಸಮೇತ ಬಿದ್ದರು.

"ಎಡಗಾಲಿನ ಮೇಲೆ ತಿರುಗಬೇಡ ಅಂದ್ರು ಡಾಕ್ಟ್ರು. ಬಲಗಾಲಿನ ಸುದ್ದಿ ಅವ್ರೂ ಎತ್ಲಿಲ್ಲ, ನಾನೂ ಕೇಳ್ಲಿಲ್ಲ."

ಹಾಗಾಗಿ ಹಗ್ಗ ಕಾಲು ಬದಲಿಸಿದೆ, ಸುತ್ತು ದಿಕ್ಕು ಬದಲಿಸಿದೆ. ಬೇಸಿಗೆ ಮುಗಿದಾಗಿನಿಂದ ಬೆಳಗಾದರೆ ಈ ಮೆಟ್ಟಿಲ ತಿರುವಿನಲ್ಲಿ ಅಭ್ಯಾಸ.

ಇವತ್ತಿನ ಮಾತೇ ಬೇರೆ. ಹಿಡಿ ತಿರುಗಿಸಿದರೆ ಹಾಡುವ ಮರದ ಪೆಟ್ಟಿಗೆ ಇವರ ತಮ್ಮ ಬೆಲಿಸಾರಿಯೊನದು. ಅದರ ಹಾಡಿಗೆ ಇವರ ಡೋಲು. ಇವತ್ತು ಚೌಕದಲ್ಲಿ ಒಂದು ಹಾಡನ್ನು ಪೂರ್ತಿ ಮುಗಿಸಬೇಕು, ಇಲ್ಲವಾದರೆ ಸೆಪ್ಟೆಂಬರಿನ ನಾಡಹಬ್ಬಕ್ಕೆ ಪಕ್ಕದ ಗುಡ್ಡದ ಡೋಲುಗಾರ ಇಸ್ಮಾಯೆಲ್‌ನನ್ನು ಕರೆದೊಯ್ಯುತ್ತೇನೆ ಎಂದಿದ್ದಾನೆ. ಅಕ್ಕ ಬಿದ್ದದ್ದನ್ನು ಕಣ್ಣಾರೆ ಕಂಡವನು ಅವನು.

ನನ್ನ ಬಸ್ಸು ತಪ್ಪಿಹೋಗುತ್ತದೆ. ಗಡಿಯಾಚೆ ಮೆಂದೋಸಾದ ಮನೆಗೆ ಸಂಜೆಯ ಬಸ್ಸೂ ಇದೆ ಎಂದು ಸಮಾಧಾನ ಮಾಡಿಕೊಂಡು ಅವರ ಹಿಂದೆಯೇ ಚೌಕಕ್ಕೆ ಇಳಿಯುತ್ತೇನೆ.

ಭಾನುವಾರದ ಜನ ಸುತ್ತುಗಟ್ಟುತ್ತಾರೆ. ಪೆಟ್ಟಿಗೆ ಹಾಡತೊಡಗುತ್ತದೆ. ಮೊದಲ ಸುತ್ತಿಗೇ ಹಳೆಯ ಅಭ್ಯಾಸ ಎದ್ದು ಬರುತ್ತದೆ: ನೋಲ್ಫಾ ಬಲಗಾಲು ಒದೆಯುತ್ತಾರೆ. ತಾಳ ಬಾಯಿ ಬಿಡುವುದಿಲ್ಲ.

"ಏನ್ ನೋಲ್ಫಾ, ಬೂಟು ಅದಲುಬದಲಾಯ್ತಾ?" ಎಂದು ಎಂಪನಾಡ ಕಡುಬು ಮಾರುವಾಕೆ ಕೂಗುತ್ತಾಳೆ. ಜನ ನಗುತ್ತಾರೆ.

ಹಾಡಿನ ನಡುವೆ ಹಿಡಿ ನಿಲ್ಲಿಸುವುದು ಪೆಟ್ಟಿಗೆ ನುಡಿಸುವ ಈ ಮನೆತನಗಳಲ್ಲಿ ಮಾನ ಹೋಗುವ ಮಾತು. ಬೆಲಿಸಾರಿಯೊ ನಿಲ್ಲಿಸುವುದಿಲ್ಲ, ಅಕ್ಕನಿಗಾಗಿ ನಿಧಾನವನ್ನೂ ಮಾಡುವುದಿಲ್ಲ. ಮುಖ ಮಾತ್ರ ಬಿಳುಚಿದೆ. ನೋಲ್ಫಾ ತುಟಿ ಕಚ್ಚಿ ಬಲಗಾಲನ್ನು ಕಲ್ಲಿಗೆ ಊರುತ್ತಾರೆ. ಎಡಗಾಲು ಒದೆಯುತ್ತದೆ. ತಾಳ ಬಡಿಯುತ್ತದೆ, ಮತ್ತೆ ಬಡಿಯುತ್ತದೆ. ಡೋಲು, ಲಂಗ, ನರೆತ ಜಡೆ ಎಲ್ಲ ಒಂದೇ ಸುತ್ತಾಗುತ್ತವೆ. ಎಂಪನಾಡದಾಕೆ ತಟ್ಟೆ ಕೆಳಗಿಟ್ಟು ಚಪ್ಪಾಳೆ ಹಾಕುತ್ತಾಳೆ. ಹಾಡು ಮುಗಿದಾಗಲೂ ನೋಲ್ಫಾ ನಿಂತೇ ಇದ್ದಾರೆ.

ಬೆಲಿಸಾರಿಯೊ ಪೆಟ್ಟಿಗೆಯ ಮೊಳೆಯೊಂದನ್ನು ಸರಿಸಿ ಮುಂದಿನ ಹಾಡಿಗೆ ಅಣಿಯಾಗುತ್ತಾನೆ.

"ಜೋರಿಂದು ಹಾಕ್ತೀನಿ ಅಕ್ಕಾ. ಆಗುತ್ತಾ?"

"ನಿನ್ನ ಕೈ ಸೋಲ್ದಿದ್ರೆ ಸರಿ."

ಆಮೇಲೆ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಬೆಣ್ಣೆಹಣ್ಣು ತಿನ್ನುವಾಗ, ಈಗ ಏನು ಬೇಕೆನಿಸುತ್ತದೆ ಎಂದು ಕೇಳುತ್ತೇನೆ. ನೋಲ್ಫಾ ಬೂಟುಗಳನ್ನು ಕಳಚಿ ಮಗುಚುತ್ತಾರೆ. ಎಡಗಾಲಿನದಕ್ಕೆ ತೇಪೆಯ ಮೇಲೆ ತೇಪೆ. ಬಲಗಾಲಿನದಕ್ಕೆ ಒಂದೂ ಇಲ್ಲ.

"ಹಬ್ಬದೊಳಗೆ ಬಲಗಾಲಿನದಕ್ಕೊಂದು ದಪ್ಪ ಅಟ್ಟೆ ಹಾಕಿಸ್ಬೇಕು," ಎನ್ನುತ್ತಾರೆ. "ಇಷ್ಟು ವರ್ಷ ಆರಾಮಾಗಿತ್ತು. ಇನ್ನು ಅದೂ ಸವೀಲಿ."