ಮನ್ಮಥಪ್ಪನ ಎಡಗಾಲು

ಕಾಸಾರಶಿರಸಿಯ ಬಸ್ ಸ್ಟ್ಯಾಂಡಿನ ಎದುರಿಗೆ ಮನ್ಮಥಪ್ಪನ ಬಟ್ಟೆ ಅಂಗಡಿ. ಅದರ ಕಟ್ಟೆಯ ಮೇಲೆ ನನ್ನ ಹೊಲಿಗೆ ಮಷೀನು. ಇಪ್ಪತ್ತು ವರ್ಷ ಅವನ ಮಾತು ಕೇಳಿದ್ದೇನೆ, ಎರಡು ಸಲ ಅವನ ಒದೆಯನ್ನೂ ತಿಂದಿದ್ದೇನೆ. ಅವನ ವಿಷಯ ಹೇಳಲು ನನಗಿಂತ ಅರ್ಹರು ಯಾರೂ ಇಲ್ಲ, ಇದ್ದರೆ ಬಂದು ಹೇಳಲಿ.

ಒದೆ ಎಂದರೆ ಜಗಳದ ಒದೆಯಲ್ಲ. ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿ ಬಂದವರನ್ನು ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಟೊಂಕ ಹಿಡಿದವರನ್ನು ಬೋರಲು ಮಲಗಿಸಿ ಪಾಯಾಳು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದ್ದರೆ ಟೊಂಕ ಬಿಡುತ್ತದೆ. ಮನ್ಮಥಪ್ಪನ ಮನೆತನದಲ್ಲಿ ತಲೆಮಾರಿಗೊಬ್ಬರು ಹೀಗೆ ಹುಟ್ಟುತ್ತ ಬಂದಿದ್ದರು. ಇವನ ತಲೆಮಾರಿಗೆ ಇಬ್ಬರು, ಇವನು ಮತ್ತು ತಂಗಿ ಸುಮಿತ್ರಾಬಾಯಿ. ಹೆತ್ತವಳು ಎಷ್ಟು ಕಷ್ಟಪಟ್ಟಳೋ, ಯಾರೂ ಕೇಳಲಿಲ್ಲ.

ಈ ವೈದ್ಯಕ್ಕೆ ಒಂದು ಪೈಸೆಯನ್ನೂ ಮುಟ್ಟುವಂತಿಲ್ಲ. ಒದ್ದ ಮೇಲೆ ಮಾತ್ರ ಒದ್ದವರೇ ಬಗ್ಗಿ, ಒದೆಸಿಕೊಂಡವರ ಪಾದ ಮುಟ್ಟಿ ‘ಶರಣು’ ಅನ್ನಬೇಕು. ಅಷ್ಟು ಮಾಡದಿದ್ದರೆ ಅದು ಔಷಧವಲ್ಲ, ಬರೀ ಒದೆ ಎಂದು ಅವನಪ್ಪ ಹೇಳುತ್ತಿದ್ದ.

ನಮ್ಮ ಕಡೆ ದೊಡ್ಡ ಭೂಕಂಪವಾಗಿ ಎರಡು ವರ್ಷಕ್ಕೆ ಮನ್ಮಥಪ್ಪ ಉದಗೀರಕ್ಕೆ, ತಂಗಿಯ ಮನೆಗೆ ಹೋಗಿದ್ದ. ಆ ದಿನವೇ ಅವಳ ಮಾವ ವಿಶ್ವನಾಥಪ್ಪನವರ ಟೊಂಕ ಹಿಡಿಯಿತು. ಊರಿಗೆಲ್ಲ ದೊಡ್ಡ ಕಾಳಿನ ವ್ಯಾಪಾರಿ ಅವರು, ಸೊಸೆಯಿಂದ ಒದೆಸಿಕೊಳ್ಳಲು ನಾಚಿಕೆ. ಬೀಗನೇ ಒದೆಯಲಿ ಎಂದು ಮಲಗಿದರು. ಇವನು ಮೂರು ಒದ್ದ. ಅಷ್ಟರಲ್ಲಿ ನಿಲಂಗಾದ ಕೊನೆಯ ಬಸ್ಸಿನ ಹಾರ್ನ್ ಕೇಳಿತು. ಚೀಲ ಎತ್ತಿಕೊಂಡು ಓಡಿದ. ವಿಶ್ವನಾಥಪ್ಪನವರು ಚಾಪೆಯ ಮೇಲೆ ಬೋರಲಾಗಿ, ಈಗ ಪಾದ ಮುಟ್ಟುತ್ತಾನೆ, ಆಗ ಮುಟ್ಟುತ್ತಾನೆ ಎಂದು ಅರ್ಧ ಗಂಟೆ ಕಾದರಂತೆ. ಅವರ ಟೊಂಕ ಸರಿಹೋಯಿತು, ಮಾನ ಹೋಯಿತು.

‘ಬಂದು ನಮಸ್ಕಾರ ಮಾಡಿ ಹೋಗು, ಅಲ್ಲಿತನ ನಮ್ಮ ಹೊಸ್ತಿಲ ತುಳೀಬ್ಯಾಡ’ ಎಂದು ತಂಗಿ ಪತ್ರ ಬರೆದಳು.

“ಫುಕಟ್ ಒದ್ದೀನಿ, ಮ್ಯಾಲ ನಮಸ್ಕಾರನೂ ಬೇಕಂತ,” ಎಂದ ಮನ್ಮಥಪ್ಪ. ಮೊಂಡುತನ ನೋಡಿ, ಬೇರೆಯವರಿಗೆ ಬಗ್ಗಿದರೆ ಉದಗೀರದಲ್ಲಿ ತಪ್ಪಾಯಿತೆಂದು ಒಪ್ಪಿಕೊಂಡಂತೆ ಆಗುತ್ತದಲ್ಲ, ಅದಕ್ಕೆ ಯಾರಿಗೂ ಬಗ್ಗುವುದನ್ನೇ ಬಿಟ್ಟ.

ಅಂದಿನಿಂದ ಕಾಲಿನ ಗುಣ ಇಳಿಯಿತು. ಮೂರು ಒದೆಗೆ ಏಳುತ್ತಿದ್ದವರು ಏಳು ಒದೆ ಕೇಳತೊಡಗಿದರು. ಆಮೇಲೆ ಏಳಕ್ಕೂ ಅರ್ಧವೇ ನೆಟ್ಟಗಾಗುತ್ತಿದ್ದರು. ನನ್ನ ಎರಡನೇ ಒದೆ ಆ ಕಾಲದ್ದು. ಹದಿನೈದು ದಿನ ಎಡಕ್ಕೆ ವಾಲಿಕೊಂಡು ನಡೆದೆ. ಆ ದಿನಗಳಲ್ಲಿ ಹೊಲಿದ ಅಂಗಿಗಳಿಗೆಲ್ಲ ಒಂದು ಭುಜ ತಗ್ಗಿತ್ತು.

“ಭೂಕಂಪದಾಗ ನೆಲದ ಶಕ್ತಿನೇ ಹೊಂಟೋಗ್ಯದ ಬಕ್ಕಪ್ಪ, ಕಾಲ ಏನ್ ಮಾಡ್ತದ?” ಎನ್ನುತ್ತಿದ್ದ.

“ಭೂಕಂಪ ಆದಮ್ಯಾಲೂ ಎರಡು ವರ್ಷ ಚಂದ ಒದ್ದೀದಿ. ಉದಗೀರಕ್ಕ ಹೋಗಿ ಬಾ,” ಎಂದರೆ ಸಿಟ್ಟು. ಕಾಲಿಗೆ ಎಳ್ಳೆಣ್ಣೆ ತಿಕ್ಕಿಸಿದ. ಶಿರೂರ ಅನಂತಪಾಳದಿಂದ ಬೆಳ್ಳಿ ಉಂಗುರ ತಂದು ಹೆಬ್ಬೆರಳಿಗೆ ಹಾಕಿದ. ಜನ ಇಂಜೆಕ್ಷನ್ನಿಗೆ ನಿಲಂಗಾ ಬಸ್ಸು ಹತ್ತಿದರು. ಒಂದು ಸಂಜೆ ಅವನು ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. “ನಮ್ಮ ಮನಿತನದ್ದಂತ ಇದೊಂದೇ ಇತ್ತು. ನನ್ನ ಕಾಲಕ್ಕೇ ಮುಗೀತು,” ಎಂದ. ಉದಗೀರದ ಜಗಳವಾದ ಮೇಲಿನ ಆರು ವರ್ಷದಲ್ಲಿ ಮೊದಲ ಸಲ ನನಗೆ ಅವನ ಮೇಲೆ ಕನಿಕರ ಬಂತು.

ಮರುದಿನ ಗುಂಜೋಟಿಯ ರೈತನೊಬ್ಬ ಇದೊಂದೂ ತಿಳಿಯದೆ ಒದೆಸಿಕೊಳ್ಳಲು ಬಂದ. ಮನ್ಮಥಪ್ಪ ಹುಮ್ಮಸ್ಸಿನಿಂದ ಕಾಲು ಎತ್ತಿದ, ಅವನದೇ ಟೊಂಕ ಹಿಡಿಯಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದ. ನಕ್ಕೂ ನಕ್ಕೂ ರೈತನ ಟೊಂಕ ತಾನಾಗಿ ಬಿಟ್ಟುಹೋಯಿತು, ಅವನು ಎದ್ದು ಊರಿಗೆ ಹೋದ.

ಪಾಯಾಳು ತನ್ನ ಟೊಂಕ ತಾನು ಒದೆಯಲಾರ. ಹೆಂಡತಿ ಕುಸುಮಬಾಯಿ ಬಾಯಿಗೆ ಸೆರಗು ಹಿಡಿದು ನಗು ನುಂಗಿ, “ಬಕ್ಕಪ್ಪಣ್ಣ, ಇವರಿಗಿ ಉದಗೀರಕ್ಕ ಒಯ್ರಿ,” ಎಂದಳು. ಬಸ್ಸಿನಲ್ಲಿ ಅವನಿಗೆ ಕೂರಲಾಗಲಿಲ್ಲ, ಬಗ್ಗಿಯೇ ನಿಂತ. ಕಂಡಕ್ಟರು ಪಾಪ, ಏನೋ ಕಳೆದುಕೊಂಡಿದ್ದಾನೆ ಎಂದುಕೊಂಡು, “ಶೇಠ, ಕಾಯ ಹರವಲಂ?” ಎಂದು ಮರಾಠಿಯಲ್ಲಿ ಕೇಳಿ ತಾನೂ ಬಗ್ಗಿ ಸೀಟುಗಳ ಕೆಳಗೆ ಹುಡುಕಿದ.

ಉದಗೀರದಲ್ಲಿ ಬಾಗಿಲು ತೆಗೆದ ಸುಮಿತ್ರಾಬಾಯಿಗೆ ಕಂಡದ್ದು ಅಣ್ಣನ ನೆತ್ತಿ. ಅದರ ಎರಡು ಸುಳಿಗಳಿಂದಲೇ ಗುರುತು ಹಿಡಿದಳು.

“ಬಗ್ಗೀದೇನಣ್ಣಾ?”

“ಬಗ್ಗಿಲ್ಲ. ಸಿಕ್ಕೊಂಡೀನಿ,” ಎಂದ. ಆಗಲಾದರೂ ಒಂದು ಸುಳ್ಳು ಹೇಳಬಾರದೇ?

ಒಳಗೆ ಹಗ್ಗದ ಬಾಜಿನ ಮಂಚದ ಮೇಲೆ ಕೂತಿದ್ದ ವಿಶ್ವನಾಥಪ್ಪನವರು ಕೇಳಿಸಿಕೊಂಡರು. “ಟೊಂಕ ಹಿಡದು ಬಗ್ಗಿದ್ದು ನಮಸ್ಕಾರ ಅಲ್ಲ. ಆದರ ಬ್ಯಾನಿ ಅಂತ ಬಂದವನಿಗಿ ಇಲ್ಲ ಅನಬಾರದು. ಒದಿಯವ್ವ ಸುಮಿತ್ರಾ,” ಎಂದರು.

ಅವಳು ಚಾಪೆ ಹಾಸಿ ಮಲಗಿಸಿದಳು. ಮೊದಲ ಎರಡು ಒದೆ ಮೆತ್ತಗಿದ್ದವು. ಮೂರನೆಯದರಲ್ಲಿ ಆರು ವರ್ಷದ ಸಿಟ್ಟಿತ್ತು. ಮನ್ಮಥಪ್ಪ ಜಿಗಿದು ಎದ್ದು ನಿಂತ, ನೆಟ್ಟಗೆ. ಅವನು ಉಸಿರು ಬಿಡುವುದರೊಳಗೆ ಅವಳು ಬಗ್ಗಿ ಅವನ ಪಾದ ಮುಟ್ಟಿದಳು. “ಶರಣಣ್ಣಾ,” ಎಂದಳು, ಅಳುತ್ತಿದ್ದಳು.

ಹೊರಗೆ ನಿಲಂಗಾದ ಬಸ್ಸು ಹಾರ್ನ್ ಹೊಡೆಯಿತು. ಚೀಲ ನನ್ನ ಕೈಯಲ್ಲೇ ಇತ್ತು, ಅದನ್ನು ನಾನು ಬೆನ್ನ ಹಿಂದೆ ಅಡಗಿಸಿದೆ. ಮನ್ಮಥಪ್ಪ ಚೀಲ ಕೇಳಲಿಲ್ಲ. ನೆಟ್ಟಗಿನ ಟೊಂಕವನ್ನು ತಾನಾಗಿ ಬಗ್ಗಿಸಿ ಮುದುಕರ ಪಾದ ಮುಟ್ಟಿದ. “ತಪ್ಪಾಯ್ತ್ರಿ ಬೀಗರ. ಆವತ್ತೇ ಮಾಡಬೇಕಿತ್ತು. ಶರಣು,” ಎಂದ.

ವಿಶ್ವನಾಥಪ್ಪನವರಿಗೆ ಕಣ್ಣು ತುಂಬಿ ಬಂತು. ಬಾಜಿನಿಂದ ಎದ್ದು, ಅವನನ್ನು ಎಬ್ಬಿಸಲೆಂದು ಬಗ್ಗಿದರು. ಕಟಕ್ ಎಂದಿತು.

ಬಗ್ಗಿದಲ್ಲಿಂದಲೇ ಅವರು ಹೇಳಿದರು, “ಒದೀರಿ. ಆದರ ಈ ಸಲ ನಮಸ್ಕಾರ ಮೊದಲು.”

ಅಣ್ಣ ತಂಗಿ ಇಬ್ಬರೂ ಅವರ ಪಾದ ಮುಟ್ಟಿದರು. ಚಾಪೆಯ ಮೇಲೆ ಮಲಗಿಸಿ ಮನ್ಮಥಪ್ಪ ಹೆದರುತ್ತ ಎಡಗಾಲು ಎತ್ತಿದ. ಎರಡನೇ ಒದೆಗೇ ಮುದುಕರು ಎದ್ದು ಕೂತರು, ತಂಗಿಯ ಸರದಿ ಬರಲೇ ಇಲ್ಲ. ಅವನು ತನ್ನ ಕಾಲನ್ನೇ ನೋಡುತ್ತ ಮಗುವಿನ ಹಾಗೆ ಅತ್ತ. ಆಮೇಲೆ ತಂಗಿಯ ಕೈ ಹಿಡಿದು ಎಳೆದುಕೊಂಡು ಮತ್ತೆ ಬಗ್ಗಿದ, ಇಬ್ಬರೂ ಮುದುಕರ ಪಾದದ ಮೇಲೆ ತಲೆಯಿಟ್ಟರು.

ವಿಶ್ವನಾಥಪ್ಪನವರು ಮಾತ್ರ ಕೂತಲ್ಲಿಂದ ಅಲುಗಲಿಲ್ಲ. “ನೀವೇ ಏಳ್ರಿ,” ಎಂದರು.