ಅಣ್ಣನ ಮಡಚು ದೋಣಿ

ಆಗೆಲ್ಲ ಕೆಂಚಾರ್ಲಹಳ್ಳಿಯ ಯಾವ ಮನೆಗೆ ಹೋದರೂ ಮೊದಲು ಮೂಗಿಗೆ ಬಡಿಯುತ್ತಿದ್ದುದು ಹಿಪ್ಪುನೇರಳೆ ಸೊಪ್ಪಿನ ವಾಸನೆ. ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳಿಗೆ ದೊಡ್ಡ ಕೋಣೆ, ನಮಗೆ ಚಿಕ್ಕದು. ಹುಳು ಇರುವಷ್ಟು ದಿನ ಅಮ್ಮ ಮಲ್ಲಿಗೆ ಮುಡಿಯುತ್ತಿರಲಿಲ್ಲ. ಒಗ್ಗರಣೆ ಹಾಕುವ ಮೊದಲು ಅಡುಗೆಮನೆ ಬಾಗಿಲು ಮುಚ್ಚುತ್ತಿದ್ದಳು. ಅಪ್ಪ ಹೊಲದಾಚೆ ಹೋಗಿ ಬೀಡಿ ಸೇದಿ, ಕೈ ಬಾಯಿ ತೊಳೆದು ಬರುತ್ತಿದ್ದರು. ಹುಳುವಿಗೆ ಘಾಟು ವಾಸನೆ ಆಗದು ಎಂಬುದನ್ನು ನಾವು ಅಕ್ಷರಕ್ಕಿಂತ ಮೊದಲು ಕಲಿತಿದ್ದೆವು.

ಆ ವರ್ಷ ಅಪ್ಪ ಚಿಂತಾಮಣಿಯ ಗುಜರಿ ಅಂಗಡಿಯಿಂದ ಎರಡು ಉದ್ದನೆಯ ಚೀಲ ತಂದರು. ನಂದಿ ಕಡೆಯ ಯಾವುದೋ ಹಳೇ ಬಂಗಲೆ ಖಾಲಿ ಮಾಡಿದಾಗ ಬಂದ ಸಾಮಾನಂತೆ. ಒಂದರಲ್ಲಿ ನಯವಾದ ಮರದ ಕಡ್ಡಿಗಳು, ಇನ್ನೊಂದರಲ್ಲಿ ರಬ್ಬರು ಬಳಿದ ದಪ್ಪ ಬಟ್ಟೆ. ಅಂಗಡಿಯ ಬಷೀರ್ ಸಾಬರು ಅದನ್ನು ದೊರೆಗಳ ಡೇರೆ ಎಂದಿದ್ದರು. ಅಪ್ಪನಿಗೆ ಬೇಕಾಗಿದ್ದದ್ದು ಕಡ್ಡಿ ಮಾತ್ರ, ಹುಳುವಿನ ತಟ್ಟೆ ಇಡುವ ಸ್ಟ್ಯಾಂಡಿಗೆ.

ಅಣ್ಣನಿಗೆ ಆಗ ಹದಿನೈದು, ನನಗೆ ಒಂಬತ್ತು. ಅವನು ಅಂಗಳದಲ್ಲಿ ಎರಡು ದಿನ ಹೆಣಗಿದರೂ ಡೇರೆ ನಿಲ್ಲಲಿಲ್ಲ. ಮೂರನೆಯ ದಿನ ಕಡ್ಡಿಗಳ ತುದಿಯ ಹಿತ್ತಾಳೆ ಕೊಳವೆಗಳನ್ನು ಹುಣಸೆಹಣ್ಣಿನಿಂದ ಉಜ್ಜುವಾಗ ಪಕ್ಕದಲ್ಲಿ ಕೊರೆದಿದ್ದ ಅಂಕಿಗಳು ಕಂಡವು. ಅಂಕಿ ನೋಡಿ ಒಂದಕ್ಕೊಂದು ಸಿಕ್ಕಿಸುತ್ತ ಹೋದ. ಎರಡು ತುದಿ ಚೂಪು, ನಡುವೆ ಅಗಲ, ಅಡ್ಡಕ್ಕೆ ಪಕ್ಕೆಲುಬಿನಂಥ ಚೌಕಟ್ಟುಗಳು.

"ಲೇ ಅಮ್ಮಣ್ಣಿ, ಡೇರೆ ಅಲ್ಲ ಕಣೇ, ದೋಣಿ! ಬಿಚ್ಚಿ, ಮಡಚಿ, ಹೆಗಲ ಮೇಲೆ ಹಾಕ್ಕೊಂಡು ಹೋಗೋ ದೋಣಿ!"

ಅಮ್ಮ ಮೊರ ಹಿಡಿದೇ ಬಂದು ನೋಡಿದಳು. "ಕೊಡ ಮುಳುಗೋ ಅಷ್ಟು ನೀರಿಲ್ಲ ಕೆರೇಲಿ, ಪಡವ ತಂದವ್ರೆ ನಿಮ್ಮಪ್ಪ" ಎಂದು ತನ್ನ ತವರಿನ ತೆಲುಗು ಸೇರಿಸಿ ನಕ್ಕಳು.

ಅಪ್ಪ ನಗಲಿಲ್ಲ. "ಕೆರೆ ತುಂಬಿದ್ರೆ ದೋಣಿ. ತುಂಬ್ದಿದ್ರೆ ಸ್ಟ್ಯಾಂಡು. ಆಯ್ತೇನಪ್ಪಾ?"

ಆ ಸಲ ಹಿಂಗಾರಿನಲ್ಲಿ ಕೆರೆ ತುಂಬಿಯೇಬಿಟ್ಟಿತು. ನೀರು ಇಳಿಯುವುದರೊಳಗೆ ತೇಲಿಸಬೇಕೆಂದು ಅಣ್ಣ ಊಟ ಬಿಟ್ಟು ಕೂತ. ಬಟ್ಟೆಯ ತೂತುಗಳಿಗೆಲ್ಲ ಸೈಕಲ್ ಟ್ಯೂಬಿನ ಪ್ಯಾಚ್ ಹಾಕಿದ. ನಾಲ್ಕನೆಯ ಪಕ್ಕೆಲುಬು ಚೀಲದಲ್ಲಿರಲೇ ಇಲ್ಲ. ಹುಳು ಗೂಡು ಕಟ್ಟುವ ಹಳೇ ಚಂದ್ರಿಕೆಯ ಬಿದಿರು ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿದ. ಕೊನೆಗೆ ಉಳಿದದ್ದು ಮರಕ್ಕೆ ವಾರ್ನಿಷ್.

ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮುಕ್ಕುತ್ತಿದ್ದವು. ವಾರ್ನಿಷ್ ಘಾಟು ಅವಕ್ಕೆ ಆಗದೆಂದು ಅಣ್ಣನಿಗೆ ಗೊತ್ತಿರದೆ ಏನು! ದೋಣಿಯನ್ನು ಹಿತ್ತಲಿನ ಆಚೆ ತುದಿಗೆ, ಹುಲ್ಲಿನ ಬಣವೆಯ ಮರೆಗೆ ಹೊತ್ತುಕೊಂಡು ಹೋದ. ಒಂದು ಕೋಲಿನ ತುದಿಗೆ ರೇಷ್ಮೆ ಎಳೆ ಕಟ್ಟಿ ನನ್ನ ಕೈಗೆ ಕೊಟ್ಟು, ಹುಳುವಿನ ಕೋಣೆಯ ಕಿಟಕಿಯ ಪಕ್ಕ ನಿಲ್ಲಿಸಿದ. ಎಳೆ ಹೊಲದ ಕಡೆಗೆ ಹಾರಬೇಕು. ಮನೆ ಕಡೆಗೆ ತಿರುಗಿದರೆ ನಾನು ಕೂಗಬೇಕು. ಅವನು ವಾರ್ನಿಷ್ ಡಬ್ಬ ಮುಚ್ಚಿಬಿಡುತ್ತಾನೆ.

ಸ್ವಲ್ಪ ಹೊತ್ತು ನಿಂತೆ. ಆಮೇಲೆ ಪಕ್ಕದ ಮನೆಯ ಗೆಳತಿ ಉಪ್ಪು ಹಚ್ಚಿದ ಹುಣಸೆಕಾಯಿ ತಂದಳು. ಕೋಲನ್ನು ನೆಲಕ್ಕೆ ಚುಚ್ಚಿ ಕುಂಟೆಬಿಲ್ಲೆಗೆ ಇಳಿದೆ.

"ಗಾಳಿ ಎತ್ತ ಐತೇ?" ಬಣವೆಯ ಹಿಂದಿನಿಂದ ಅಣ್ಣ ಕೂಗಿದ.

"ಹೊಲದ ಕಡೆಗೇ ಐತಣ್ಣಾ!" ಎಂದೆ. ಆ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಮತ್ತೆರಡು ಸಲ ಕೇಳಿದ. ಎರಡು ಸಲವೂ ಹಾಗೇ ಅಂದೆ.

ಬೆಳಿಗ್ಗೆ ಎದ್ದಾಗ ದೊಡ್ಡ ಕೋಣೆಯಲ್ಲಿ ಸೊಪ್ಪು ಮುಕ್ಕುವ ಸದ್ದಿರಲಿಲ್ಲ. ಹುಳುಗಳು ಬಾಯಿಂದ ಹಸಿರು ನೀರು ಕಾರಿ ಸೊಪ್ಪಿನ ಮೇಲೆ ಸತ್ತು ಬಿದ್ದಿದ್ದವು. ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿ, ಒಂದೊಂದೇ ತಟ್ಟೆ ಸುರಿದರು. ಅಮ್ಮ ತಟ್ಟೆ ತಂದುಕೊಡುತ್ತಿದ್ದಳು. ಗುಂಡಿ ಮುಚ್ಚಿದ ಮೇಲೆ ಅಪ್ಪ ಕೇಳಿದರು:

"ಗಾಳಿ ನೋಡ್ಲಿಲ್ವೇನಪ್ಪಾ?"

ಅಣ್ಣ ಒಮ್ಮೆ ನನ್ನ ಕಡೆ ನೋಡಿದ.

"ನೋಡ್ದೆ ಅಪ್ಪ. ನಾನೇ ತಪ್ಪು ನೋಡ್ದೆ."

ಅಪ್ಪ ಹೊಡೆಯಲಿಲ್ಲ. ಸಂಜೆ ಅಣ್ಣನೇ ಚೌಕಟ್ಟನ್ನು ಬಿಚ್ಚಿ, ಕಡ್ಡಿಗಳನ್ನು ತಂದು ಅಪ್ಪನ ಮುಂದೆ ಇಟ್ಟ. ಅಪ್ಪ ಮೊಳೆ ಹೊಡೆದು ಸ್ಟ್ಯಾಂಡು ಮಾಡಿದರು. ಯುಗಾದಿಯ ಹೊತ್ತಿಗೆ ಕೆರೆ ಒಣಗಿತು. ದೋಣಿ ಒಂದು ಸಲವೂ ನೀರು ಮುಟ್ಟಲಿಲ್ಲ.

ಎಲ್ಲದಕ್ಕೂ ನನ್ನನ್ನು ಹಂಗಿಸುತ್ತಿದ್ದ ಅಣ್ಣ ಆ ಮಾತು ಮಾತ್ರ ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ವಯಸ್ಸಾದ ಮೇಲೆ ಅವನಿಗೆ ಹುಷಾರಿಲ್ಲವೆಂದು ಕೇಳಿ, ಹೇಳಿಯೇಬಿಡಬೇಕೆಂದು ಎರಡು ಸಲ ಊರಿಗೆ ಬಂದಿದ್ದೆ. ಎರಡು ಸಲವೂ ಸಕ್ಕರೆ, ಬಿಪಿ ಎಂದು ಮಾತಾಡಿ ಬಸ್ಸು ಹತ್ತಿದೆ. ಈ ವರ್ಷ ಅಣ್ಣ ಹೋದ.

ತಿಥಿ ಮುಗಿದ ಮೇಲೆ ನಾನು ಆ ಸ್ಟ್ಯಾಂಡಿನ ಮೊಳೆ ಕಿತ್ತೆ. ಅಂಕಿಗಳು ಇನ್ನೂ ಇದ್ದವು. ಆದರೆ ಮೊಳೆ ಹೊಡೆದಲ್ಲೆಲ್ಲ ಕಡ್ಡಿ ಸೀಳಿತ್ತು. ಅಟ್ಟದ ಮೇಲೆ ಸಿಕ್ಕ ಬಿದಿರಿನ ಪಕ್ಕೆಲುಬು ಕೈಯಲ್ಲೇ ಪುಡಿಯಾಯಿತು. ಬಟ್ಟೆ ಬಿಡಿಸಹೋದರೆ ಮಡಿಕೆ ಮಡಿಕೆಯಲ್ಲೂ ಹಪ್ಪಳದಂತೆ ಮುರಿಯಿತು. ಊರಿನ ಬಡಗಿ ಬಂದು ನೋಡಿ, "ಆಗಲ್ಲ ಬಿಡಕ್ಕಾ" ಎಂದ.

ಈಗ ಕೆರೆಯಲ್ಲಿ ವರ್ಷವಿಡೀ ನೀರು. ಬೆಂಗಳೂರಿನ ಬಳಸಿದ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ಬಿಡುತ್ತಾರೆ. ಮನೆಯಲ್ಲಿ ಹುಳು ಇಲ್ಲ. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಒಗ್ಗರಣೆಗೆ ಯಾರೂ ಬಾಗಿಲು ಮುಚ್ಚುವುದಿಲ್ಲ. ದೊಡ್ಡ ಕೋಣೆಯಲ್ಲಿ ಅಣ್ಣನ ಫೋಟೊ ಇಟ್ಟಿದ್ದೇವೆ. ಅದರ ಮುಂದೆ ಊದುಬತ್ತಿ ಹಚ್ಚಿ, ಹೊಗೆ ಯಾವ ಕಡೆಗೆ ವಾಲುತ್ತದೆ ಎಂದು ನೋಡುತ್ತ ಕೂರುತ್ತೇನೆ. ಬತ್ತಿ ಮುಗಿಯುವವರೆಗೂ ಕಣ್ಣು ತೆಗೆಯುವುದಿಲ್ಲ. ಗಾಳಿ ಎತ್ತ ಐತೇ ಎಂದು ಯಾರೂ ಕೇಳುವುದಿಲ್ಲ.