ಹಿಡಿಯಷ್ಟು ಹೊಟ್ಟೆ

ಮುಳಬಾಗಿಲಿನ ಸುತ್ತಮುತ್ತ ಬ್ರಾಹ್ಮಣರ ಮನೆಗಳಲ್ಲಿ ಹಿರಿಯರ ತಿಥಿ ಹತ್ತಿರ ಬಂತೆಂದರೆ ಮೊದಲು ಹೇಳಿಕಳಿಸುತ್ತಿದ್ದದ್ದು ಯಜ್ಞಣ್ಣನಿಗೆ. ಪೂರ್ತಿ ಹೆಸರು ಯಜ್ಞನಾರಾಯಣ ಅವಧಾನಿ. ಮಂತ್ರ ಹೇಳಿಸುವವರು ಬೇರೆ ಇದ್ದರು, ಅವನಿಗಿಂತ ಹೆಚ್ಚು ಓದಿಕೊಂಡವರೂ ಇದ್ದರು. ಯಜ್ಞಣ್ಣನನ್ನು ಕರೆಯುತ್ತಿದ್ದದ್ದು ಊಟಕ್ಕೆ. ಸತ್ತವರ ಜಾಗದಲ್ಲಿ ಉತ್ತರಕ್ಕೆ ಮುಖ ಮಾಡಿ ಕೂತು, ಅವರ ಪರವಾಗಿ ಉಣ್ಣುವುದಕ್ಕೆ.

ಆಳು ದೊಡ್ಡವನು. ಮಣೆಯ ಮೇಲೆ ಕೂತರೆ ಪಡಸಾಲೆಯ ಅರ್ಧ ತುಂಬಿದ ಹಾಗೆ ಕಾಣುತ್ತಿದ್ದ. ವಡೆ, ಎಳ್ಳುಂಡೆ, ಕಜ್ಜಾಯ, ಪಾಯಸ, ಏನು ಬಡಿಸಿದರೂ ಬೇಡವೆನ್ನದೆ, ಅವಸರವಿಲ್ಲದೆ, ಮಾತಿಲ್ಲದೆ ಉಣ್ಣುತ್ತಿದ್ದ. ಕೊನೆಗೆ ತಿಥಿ ಮಾಡುವ ಕರ್ತೃ ಕೈಮುಗಿದು "ತೃಪ್ತಾಃ ಸ್ಥ?" ಎಂದು ಕೇಳಿದಾಗ ತೃಪ್ತಿಯಾಯಿತೆಂದು ಸತ್ತವರ ಪರವಾಗಿ ಹೇಳಬೇಕಾದವನು ಅವನೇ. ಆ ಮಾತು ಹೇಳಿ ಯಜ್ಞಣ್ಣ ಗಟ್ಟಿಯಾಗಿ ತೇಗಿದರೆ, ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ತಮ್ಮ ಮಾವನೋ ಗಂಡನೋ ಉಂಡು ಎದ್ದಷ್ಟು ಸಮಾಧಾನ ಅವರಿಗೆ.

ಯಜ್ಞಣ್ಣನೂ ಅದನ್ನು ನಂಬಿದ್ದ. ಅವನ ತಂದೆ ಅದೇ ಕೆಲಸ ಮಾಡಿದವರು, ಹೇಳಿಕೊಟ್ಟಿದ್ದರು: "ಆ ಮಣೆ ಮೇಲೆ ಕೂತ್ಮೇಲೆ ಉಣ್ಣೋನು ನೀನಲ್ಲ ಕಣೋ. ಅವರು ಬಂದು ಉಣ್ತಾರೆ. ನೀನು ಜಾಗ ಬಿಟ್ಟುಕೊಡಬೇಕು, ಅಷ್ಟೇ."

ಎಷ್ಟೋ ವರ್ಷದಿಂದ ಅವನಿಗೆ ಹೊಟ್ಟೆಯುರಿ ಇತ್ತು. ಅಡುಗೆ ಸೋಡ ನೀರಿಗೆ ಹಾಕಿಕೊಂಡು ಕುಡಿದು ತಳ್ಳುತ್ತಿದ್ದ. ಎಪ್ಪತ್ತಾರನೇ ಇಸವಿ, ಶಿವರಾತ್ರಿ ಕಳೆದ ವಾರ, ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವನು ಹಾಗೇ ಬಗ್ಗಿ ಕಾಫಿ ಗಸಿಯ ಹಾಗೆ ಕರ್ರಗೆ ವಾಂತಿ ಮಾಡಿದ. ಹೆಂಡತಿ ತಿರುಮಲಮ್ಮ ಮೊದಲು ಅದು ಏನೆಂದೇ ತಿಳಿಯದೆ ನಿಂತಳು. ಎರಡನೆಯ ಸಲ ಕೆಂಪು ಕಂಡಿತು. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವನಿಗೆ ಜ್ಞಾನವಿರಲಿಲ್ಲ.

ಕಣ್ಣು ಬಿಟ್ಟ ಮೇಲೆ ಡಾಕ್ಟರು ಮಂಚದ ಪಕ್ಕ ಬಂದು ತಮ್ಮ ಮುಷ್ಟಿ ಕಟ್ಟಿ ತೋರಿಸಿದರು.

"ಹುಣ್ಣು ಕೆಟ್ಟು ಹೋಗಿತ್ತು ಸ್ವಾಮಿ. ಮುಕ್ಕಾಲು ಹೊಟ್ಟೆ ತೆಗೆದಿದ್ದೀವಿ. ಉಳಿದಿರೋದು ಇಷ್ಟೇ. ಇನ್ನು ಊಟ ಅನ್ನೋದನ್ನ ಹೊಸದಾಗಿ ಕಲೀಬೇಕು. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಚೆನ್ನಾಗಿ ಅಗೀಬೇಕು. ಊಟದ ಜೊತೆ ನೀರು ಕುಡೀಬೇಡಿ. ಸಿಹಿ, ಕರಿದಿದ್ದು ಮುಟ್ಟಬೇಡಿ."

"ತಿಥಿಗೆ ಕೂರೋರು ಡಾಕ್ಟ್ರೇ ಇವರು," ಎಂದಳು ತಿರುಮಲಮ್ಮ. "ಮಧ್ಯಾಹ್ನದವರೆಗೆ ಉಪವಾಸ ಇರಬೇಕು."

"ಇನ್ನು ಉಪವಾಸವೂ ಇಲ್ಲ, ಹೊಟ್ಟೆ ತುಂಬಾ ಊಟವೂ ಇಲ್ಲ. ಒಳಗಿನ ಹೊಲಿಗೆ ಬಿಟ್ಟರೆ ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಮನೆಗೆ ಬಂದ ಮೇಲೆ ತಿರುಮಲಮ್ಮ ಉಪ್ಪಿನಕಾಯಿಯ ಬಟ್ಟಲೊಂದನ್ನು ಬೆಳಗಿ ಅವನ ಊಟಕ್ಕೆ ಗೊತ್ತು ಮಾಡಿದಳು. ತೆಳ್ಳಗಿನ ರಾಗಿ ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತಗೆ ಬೇಯಿಸಿದ ಪಡವಲಕಾಯಿ, ಹಿಸುಕಿದ ಮೊಸರನ್ನ. ಬಟ್ಟಲು ಖಾಲಿಯಾಗುವ ಮೊದಲೇ ಎದೆಯ ಕೆಳಗೆ ಕಲ್ಲಿಟ್ಟ ಹಾಗಾಗುತ್ತಿತ್ತು. ಹೊಟ್ಟೆ ಸಾಕು ಎನ್ನುತ್ತಿತ್ತು, ನಾಲಿಗೆಯೂ ಕೈಯೂ ಇನ್ನೂ ಎಂದು ಚಾಚುತ್ತಿದ್ದವು. ಮಾವಿನ ಕಾಲ ಬಂತು. ಶ್ರೀನಿವಾಸಪುರದಿಂದ ಯಾರೋ ಬುಟ್ಟಿ ತುಂಬ ಹಣ್ಣು ಕಳಿಸಿದ್ದರು. ಹೆಂಡತಿ ಇಲ್ಲದ ಹೊತ್ತು ನೋಡಿ ಬೆಲ್ಲ ಹಾಲು ಹಾಕಿದ ಸೀಕರಣೆಯನ್ನು ಒಂದು ಲೋಟ ಕುಡಿದ. ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟಿತು, ಬೆವರು ಕಿತ್ತುಕೊಂಡು ಬಂತು, ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ನೆಲಕ್ಕೆ ಕುಸಿದ. ಆಮೇಲೆ ಅವನು ಬಟ್ಟಲನ್ನು ಮೀರಲಿಲ್ಲ. ತುತ್ತು ತುತ್ತನ್ನೂ ನೀರಾಗುವ ತನಕ ಅಗಿಯುವುದನ್ನು ಕಲಿತ. ಆದರೆ ಮೈ ಇಳಿಯುತ್ತಲೇ ಹೋಯಿತು. ಎದೆಯ ಚರ್ಮ ಸಡಿಲಗೊಂಡು ಜೋತುಬಿತ್ತು. ಬೀದಿಯಲ್ಲಿ ಪರಿಚಯದವರು ಗುರುತು ಸಿಗದೆ ದಾಟಿ ಹೋಗಿ, ತಿರುಗಿ ನಿಂತು ನೋಡುತ್ತಿದ್ದರು.

ಆಷಾಢದಲ್ಲಿ ದೇವರಾಯಸಮುದ್ರದಿಂದ ಕರೆ ಬಂತು. ತೀರಿಕೊಂಡ ಶಾನುಭೋಗರ ತಿಥಿ. ಶಾನುಭೋಗರ ಹೆಂಡತಿ ಜಾನಕಮ್ಮ ಗಂಡ ಹೋದಾಗಿನಿಂದ ಪ್ರತಿ ವರ್ಷ ಯಜ್ಞಣ್ಣನನ್ನೇ ಕೂರಿಸುತ್ತಿದ್ದರು. ಮಗ ರಾಮಚಂದ್ರ ಖುದ್ದಾಗಿ ಬಂದು ಪಡಸಾಲೆಯಲ್ಲಿ ನಿಂತ. ಯಜ್ಞಣ್ಣನ ಮೈ ನೋಡಿ ಅವನ ಮುಖ ಚಿಕ್ಕದಾಯಿತು.

"ಆಗುತ್ತಾ ಯಜ್ಞಣ್ಣ? ಅಮ್ಮ ಬೇರೆಯೋರು ಬೇಡ ಅಂತಾರೆ."

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಆ ಮಣೆ ಬಿಟ್ಟರೆ ಲೋಕದಲ್ಲಿ ತನಗೆ ಬೇರೆ ಜಾಗವಿದೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. "ಬರ್ತೀನಿ" ಎಂದುಬಿಟ್ಟ.

ಆ ದಿನ ಕೆರೆ ಏರಿಯ ಮೇಲೆ ನಡೆದು ಹೋಗುವಾಗಲೇ ಎರಡು ಕಡೆ ಕೂತು ಎದ್ದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎಲೆಗೆ ಕೂತಾಗ ಸೂರ್ಯ ನೆತ್ತಿಯಿಂದ ಇಳಿದಿದ್ದ. ಜಾನಕಮ್ಮ ಮಡಿಯಲ್ಲಿ ತಾವೇ ಬಡಿಸಿದರು. ನಾಲ್ಕು ತುತ್ತಿಗೆ ಎದೆಯ ಕೆಳಗೆ ಕಲ್ಲು ಕೂತಿತು. ಊಟದ ನಡುವೆ ಮಾತಾಡಬಾರದು, ಕೈ ಆಡಿಸಿ ಸಾಕೆಂದ. ಜಾನಕಮ್ಮನಿಗೆ ಅದು ಅರ್ಥವಾಗಲೇ ಇಲ್ಲ.

"ಇದು ಅವರಿಗೆ ಪ್ರಾಣ," ಎನ್ನುತ್ತ ಪಾಯಸದ ಮೇಲೆ ಪಾಯಸ ಬಡಿಸಿದರು.

ಅವನು ಕುಡಿದ. ರಾಮಚಂದ್ರ ಕೈಮುಗಿದು ತೃಪ್ತಿಯಾಯಿತೇ ಎಂದು ಕೇಳುವ ಹೊತ್ತಿಗೆ ಯಜ್ಞಣ್ಣನ ಮೈಯೆಲ್ಲ ಬೆವರಿ ತಣ್ಣಗಾಗಿತ್ತು. ಎಲೆ ತುಂಬ ಊಟ ಹಾಗೇ ಇತ್ತು. "ತೃಪ್ತಾಃ..." ಎಂದವನು ಮಾತು ಮುಗಿಸದೆ ಎಲೆಯ ಮೇಲೆಯೇ ಬಿದ್ದ.

ಎಚ್ಚರವಾದಾಗ ಮುಖಕ್ಕೆ ನೀರು ಹೊಡೆಯುತ್ತಿದ್ದರು. ಜಾನಕಮ್ಮ ದೂರದಲ್ಲಿ ಪಾತ್ರೆ ಹಿಡಿದು ಕಲ್ಲಾಗಿ ನಿಂತಿದ್ದರು. ಬೈಯಲಿಲ್ಲ, ಅಳಲಿಲ್ಲ. "ಅವರು ಹಸ್ಕೊಂಡೇ ಹೋದರು," ಎಂದರು, ಅಷ್ಟೇ.

ಅದೇ ತಿಂಗಳು ರಾಮಚಂದ್ರನ ಹೆಂಡತಿಗೆ ಬಸಿರು ಇಳಿದುಹೋಯಿತು. ಶ್ರೀನಿವಾಸಪುರದಲ್ಲಿ ಯಜ್ಞಣ್ಣ ಹಿಂದೆ ತಿಥಿಗೆ ಕೂತಿದ್ದ ಇನ್ನೊಂದು ಮನೆಯಲ್ಲಿ ಹಾಲು ಕರೆಯುವ ಹಸು ಹಿತ್ತಲ ಬಾವಿಗೆ ಬಿದ್ದು ಸತ್ತಿತು. ಯಾರೂ ಅವನ ಮುಂದೆ ಏನೂ ಹೇಳಲಿಲ್ಲ. ಕರೆ ಬರುವುದು ಮಾತ್ರ ನಿಂತಿತು. ಅಂಗಡಿ ಬೀದಿಯಲ್ಲಿ ಅವನು ಬಂದರೆ ಮಾತು ತಗ್ಗುತ್ತಿತ್ತು, ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಆಗಿನಿಂದ ಅವನಿಗೆ ಊಟದ ಹೊತ್ತೆಂದರೆ ಭಯ ಶುರುವಾಯಿತು. ಬಟ್ಟಲು ಮುಂದಿಟ್ಟುಕೊಂಡರೆ ಎದುರಿಗೆ ಯಾರೋ ಕೂತು ತನ್ನ ಕೈಯನ್ನೇ ನೋಡುತ್ತಿರುವ ಹಾಗೆ ಅನಿಸುತ್ತಿತ್ತು. ಒಬ್ಬರಲ್ಲ. ಇಷ್ಟು ವರ್ಷ ಯಾರು ಯಾರ ಪರವಾಗಿ ಉಂಡಿದ್ದನೋ ಅವರೆಲ್ಲ ಎಲೆ ಹಾಕಿಸಿಕೊಂಡು ಕಾದಿದ್ದಾರೆ, ಜಾಗವಿಲ್ಲದೆ ಹೊರಗೆ ನಿಂತಿದ್ದಾರೆ. ತಾನು ನುಂಗುವ ಒಂದೊಂದು ತುತ್ತೂ ಅವರ ಬಾಯಿಂದ ಕಿತ್ತದ್ದು. ಹೆಂಡತಿ ಒಳಗೆ ಹೋದ ಕೂಡಲೇ ಅರ್ಧ ಬಟ್ಟಲನ್ನು ಕಾಗೆಗಳಿಗೆಂದು ಹಿತ್ತಲ ಗೋಡೆಯ ಮೇಲೆ ಸುರಿದು ಬರತೊಡಗಿದ. ಆಮೇಲೆ ಮುಕ್ಕಾಲು. ಆಮೇಲೆ ಗಂಜಿಯ ತಿಳಿ ಮಾತ್ರ ಕುಡಿದು ಉಳಿದದ್ದೆಲ್ಲ ಗೋಡೆಗೆ.

ತಿರುಮಲಮ್ಮನಿಗೆ ಅದು ತಿಳಿದದ್ದು ಗೋಡೆಗೆ ಮುತ್ತಿದ ಇರುವೆಗಳಿಂದ. ಸಿಟ್ಟು ಬಂದರೆ ಅವಳ ಬಾಯಿಗೆ ಮನೆಯ ತೆಲುಗು ಬರುತ್ತಿತ್ತು. "ಎವರಿಕೋಸಂ? ಯಾರಿಗೋಸ್ಕರ ಇದು?" ಎಂದು ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ನಾನು ಬೇಯಿಸ್ತಾ ಇರೋದು ಬದುಕಿರೋ ಗಂಡನಿಗೆ. ಸತ್ತೋರಿಗಲ್ಲ."

"ನಿನಗೆ ಗೊತ್ತಾಗಲ್ಲ ಕಣೇ. ಅವರು ನನ್ನನ್ನೇ ನೋಡ್ತಾರೆ."

"ನೋಡಲಿ. ಅವರ ಮುಂದೇನೇ ತಿನ್ನಿ."

ಅವಳು ಅಂದಿನಿಂದ ಅವನು ಕೊನೆಯ ತುತ್ತು ನುಂಗುವ ತನಕ ಎದುರಿಗೆ ಕೂರತೊಡಗಿದಳು. ಅವನು ತಿನ್ನುತ್ತಿದ್ದ, ಆದರೆ ಅವನ ಕಣ್ಣು ಅವಳ ಹೆಗಲಾಚೆ ಎಲ್ಲೋ ಇರುತ್ತಿತ್ತು.

ಗೌರಿ ಹಬ್ಬ ಕಳೆದು ಪಿತೃಪಕ್ಷ ಬಂತು. ಸತ್ತವರೆಲ್ಲ ಮನೆಬಾಗಿಲಿಗೆ ಬರುತ್ತಾರೆಂದು ಹೇಳುವ ಆ ದಿನಗಳಲ್ಲಿ ಅವನು ಪಡಸಾಲೆಗೆ ಬರುವುದನ್ನೇ ಬಿಟ್ಟ. ಮಹಾಲಯ ಅಮಾವಾಸ್ಯೆಗೆ ಮುಂಚೆ ಜಾನಕಮ್ಮ ತಾವೇ ಬಂದರು. ಮಡಿಯ ಹೆಂಗಸು ಬಸ್ಸಿನಲ್ಲಿ ಬಂದಿದ್ದೇ ಆಶ್ಚರ್ಯ. ಹೊಸಲು ದಾಟದೆ ಜಗಲಿಯ ಮೇಲೆ ಕೂತರು. ಸೆರಗನ್ನು ಮೈತುಂಬ ಬಿಗಿದು ಹೊದ್ದಿದ್ದರು. ಅವರ ದನಿ ಕೇಳಿ ಯಜ್ಞಣ್ಣ ಬಾಗಿಲಿಗೆ ಬಂದ.

"ದಿನಾ ಕನಸಲ್ಲಿ ಬರ್ತಾರೆ ಯಜ್ಞಣ್ಣ. ಖಾಲಿ ಎಲೆ ಮುಂದೆ ಕೂತಿರ್ತಾರೆ. ನೀವು ಶುರು ಮಾಡಿದ್ದು, ನೀವೇ ಮುಗಿಸಬೇಕು. ಅಮಾವಾಸ್ಯೆಗೆ ಬಂದು ಕೂರಿ."

ತಿರುಮಲಮ್ಮ ಒಳಗಿನಿಂದ ಬಂದು ನಡುವೆ ನಿಂತಳು. "ಡಾಕ್ಟರು ಹೇಳಿದಾರೆ ಜಾನಕಮ್ಮನೋರೇ, ಹೊಲಿಗೆ ಬಿಟ್ಟರೆ ಸಾಯ್ತಾರೆ."

ಜಾನಕಮ್ಮ ಅವಳತ್ತ ತಿರುಗಿಯೂ ನೋಡಲಿಲ್ಲ. "ನಮ್ಮ ಸೊಸೆ ಹೊಟ್ಟೇಲಿದ್ದಿದ್ದು ಸತ್ತಾಯ್ತು," ಎಂದರು ಮೆಲ್ಲಗೆ. ಅದು ಬೆದರಿಕೆಯೋ ದುಃಖವೋ ಯಜ್ಞಣ್ಣನಿಗೆ ತಿಳಿಯಲಿಲ್ಲ. ಬರುತ್ತೇನೆಂದು ತಲೆಯಾಡಿಸಿದ.

ಅಮಾವಾಸ್ಯೆಯ ದಿನ ತಿರುಮಲಮ್ಮ ಹಟ ಹಿಡಿದು ಜೊತೆಗೆ ಹೊರಟಳು. ಹೊರಡುವ ಮೊದಲು ಬಟ್ಟಲು ಗಂಜಿ ಅವನ ಮುಂದೆ ಹಿಡಿದಳು. "ಪಾಪ ಇದ್ದರೆ ನನಗಿರಲಿ." ಅವನು ಕಣ್ಣುಮುಚ್ಚಿ ಕುಡಿದ. ತಿಥಿಯ ದಿನ ಬೆಳಿಗ್ಗೆ ಅವನು ಉಂಡದ್ದು ಜನ್ಮದಲ್ಲಿ ಅದೇ ಮೊದಲು.

ದೇವರಾಯಸಮುದ್ರದ ಮನೆಯಲ್ಲಿ ಎಲ್ಲ ಅಣಿಯಾಗಿತ್ತು. ರಾಮಚಂದ್ರನ ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಎಲೆ ಬಿತ್ತು. ಯಜ್ಞಣ್ಣ ಒಂದು ಹಿಡಿ ಅನ್ನವನ್ನು ಹೆಸರುಬೇಳೆಯಲ್ಲಿ ಕಲಸಿ, ಆಸ್ಪತ್ರೆಯಲ್ಲಿ ಹೇಳಿದ ಹಾಗೆ ಒಂದೊಂದೇ ತುತ್ತು ಅಗಿದು ನುಂಗಿದ. ಎಲ್ಲರೂ ಕಾದರು. ವಡೆ ಆರಿತು, ಪಾಯಸ ಕೆನೆಗಟ್ಟಿತು. ಜಾನಕಮ್ಮ ಪಾಯಸದ ಪಾತ್ರೆ ಹಿಡಿದು ಎಲೆಯ ಮೇಲೆ ಬಗ್ಗಿದರು. ಅವನು ಎಲೆಗೆ ಅಂಗೈ ಅಡ್ಡ ಹಿಡಿದ.

"ಅವರು ಯಾವತ್ತೂ ಕೈ ಅಡ್ಡ ಹಿಡಿದೋರಲ್ಲ," ಎಂದರು ಜಾನಕಮ್ಮ. ಸೌಟು ಅವನ ಕೈಯ ಮೇಲೇ ಬಂತು. ಪಾಯಸ ಬೆರಳ ಸಂದಿಯಿಂದ ಎಲೆಗಿಳಿಯಿತು. ಅಷ್ಟು ಹತ್ತಿರದಲ್ಲಿ, ಸೆರಗು ಜಾರಿದಾಗ, ಯಜ್ಞಣ್ಣ ಅವರ ಕೈ ನೋಡಿದ. ಮಣಿಕಟ್ಟಿನಲ್ಲಿ ಮೂಳೆ ಮಾತ್ರ ಉಳಿದಿತ್ತು. ಕೊರಳ ಗುಳಿ ಆಳಕ್ಕೆ ಇಳಿದಿತ್ತು. ಅವನ ಹೊಟ್ಟೆಯನ್ನು ಡಾಕ್ಟರು ಕೊಯ್ದಿದ್ದರು, ಈಕೆಯ ಹೊಟ್ಟೆಯನ್ನು ಯಾರೂ ಕೊಯ್ದಿರಲಿಲ್ಲ.

ಮೌನ ಮುರಿಯಬಾರದ ಜಾಗದಲ್ಲಿ ಅವನು ಬಾಯಿ ತೆರೆದ. "ಅಮ್ಮಾ, ನೀವು ಉಂಡು ಎಷ್ಟು ದಿನ ಆಯ್ತು?"

"ಅವರು ಹಸ್ಕೊಂಡಿರೋವಾಗ ನನಗೇನು ಊಟ?"

ರಾಮಚಂದ್ರ ತಾಯಿಯ ಮುಖ ನೋಡಿದ. ಅವನಿಗೆ ಅದುವರೆಗೆ ಗೊತ್ತಿರಲಿಲ್ಲ ಎಂಬುದು ಕಂಡಿತು.

"ಕೇಳಪ್ಪ," ಎಂದ ಯಜ್ಞಣ್ಣ. ರಾಮಚಂದ್ರ ತಡವರಿಸುತ್ತ "ತೃಪ್ತಾಃ ಸ್ಥ?" ಎಂದ. ಯಜ್ಞಣ್ಣನ ಹೊಟ್ಟೆ ನಿಜವಾಗಿಯೂ ತುಂಬಿತ್ತು. ಬೆವರಿರಲಿಲ್ಲ, ಎದೆ ಡವಗುಟ್ಟಲಿಲ್ಲ. "ತೃಪ್ತಾಃ ಸ್ಮಃ," ಎಂದ, ಸ್ಪಷ್ಟವಾಗಿ. "ಸುಳ್ಳಲ್ಲ ಜಾನಕಮ್ಮನೋರೇ. ಹಿಡಿ ಅನ್ನಕ್ಕೆ ತೃಪ್ತಿ ಆಗುತ್ತೆ. ಈಗ ನೀವೂ ಉಣ್ಣಿ."

ಜಾನಕಮ್ಮ ತುಂಬಿದ ಎಲೆಯನ್ನೇ ನೋಡುತ್ತ ನಿಂತರು. "ಸುಳ್ಳು," ಎಂದು ಒಳಗೆ ಹೋದರು. ಅವರ ಹಿಂದೆ ತಿರುಮಲಮ್ಮ ಹೋಗಿ, ಅನ್ನ ಕಲಸಿ, ಕಾಲು ಹಿಡಿದು ಬೇಡಿಕೊಂಡಳು. ಅವರು ಬಾಯಿ ತೆರೆಯಲಿಲ್ಲ.

ಸಂಕ್ರಾಂತಿ ಕಳೆದು ಜಾನಕಮ್ಮ ತೀರಿಕೊಂಡ ಸುದ್ದಿ ಬಂತು. ಸುದ್ದಿ ಕೇಳಿದ ದಿನ ಯಜ್ಞಣ್ಣ ತುಂಬ ಹೊತ್ತು ಬಟ್ಟಲು ಮುಟ್ಟಲಿಲ್ಲ. ಆಮೇಲೆ ತಾನಾಗಿ ಎಳೆದುಕೊಂಡು ಉಂಡ. ಅವರ ಮಣಿಕಟ್ಟು ಕಣ್ಣಮುಂದೆ ಬಂದಾಗಲೆಲ್ಲ ಅವನ ಕೈ ಬಟ್ಟಲಿಗೆ ಹೋಗುತ್ತಿತ್ತು. ಹಾಗೆ, ಹೆದರಿಕೆಯಿಂದಲೇ, ಅವನು ಸರಿಯಾಗಿ ಉಣ್ಣುವುದನ್ನು ಕಲಿತ. ಹೊತ್ತು ಹೊತ್ತಿಗೆ ಗಂಜಿ, ಬೇಳೆ, ಸೊಪ್ಪು. ಕೆನ್ನೆಗೆ ಸ್ವಲ್ಪ ರಕ್ತ ಬಂತು. ಹುಡುಗರಿಗೆ ಸಂಧ್ಯಾವಂದನೆ ಹೇಳಿಕೊಡುತ್ತ ದಿನ ತಳ್ಳಿದ. ಮಣೆಯ ಮೇಲೆ ಮತ್ತೆ ಕೂರಲಿಲ್ಲ.

ವರ್ಷ ತಿರುಗಿತು. ಒಂದು ಬೆಳಿಗ್ಗೆ ರಾಮಚಂದ್ರ ಬಾಗಿಲಲ್ಲಿ ನಿಂತಿದ್ದ. ಅವನೂ ಇಳಿದುಹೋಗಿದ್ದ, ಅಂಗಿ ಭುಜದ ಮೇಲೆ ನಿಲ್ಲುತ್ತಿರಲಿಲ್ಲ.

"ನಾಡಿದ್ದು ಅಮ್ಮನ ವರ್ಷದ ತಿಥಿ. ಸಾಯೋ ಮುಂಚೆ ಹೇಳಿದ್ರು, ಯಜ್ಞಣ್ಣನೇ ಕೂರಬೇಕು ಅಂತ."

"ಕೂರಲ್ಲ ಕಣಪ್ಪ. ನನ್ನೊಳಗೆ ಜಾಗ ಇಲ್ಲ."

"ಅಮ್ಮ ಕಾಯ್ತಿರ್ತಾರೆ."

ಯಜ್ಞಣ್ಣ ಅವನ ಮಣಿಕಟ್ಟು ನೋಡಿದ. "ನೀನು ಬೆಳಿಗ್ಗೆ ಏನು ತಿಂದೆ ರಾಮಚಂದ್ರ?" ಎಂದು ಕೇಳಿದ. ಒಳಗೆ ಬಾ ಎಂದರೆ ಅವನು ಬರಲಿಲ್ಲ. ತಿರುಮಲಮ್ಮ ಗಂಜಿ ತಂದು ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡ.

ಬೆಳಗಿನ ಊಟದ ಹೊತ್ತಾಗಿತ್ತು. ಯಜ್ಞಣ್ಣ ಒಳಗೆ ಹೋಗಿ ಬಟ್ಟಲ ಮುಂದೆ ಕೂತ. ಒಂದು ತುತ್ತು ಬಾಯಿಗಿಟ್ಟು ನೀರಾಗುವ ತನಕ ಅಗಿದು ನುಂಗಿದ. ಇನ್ನೊಂದು ತುತ್ತು. ಬಾಗಿಲಲ್ಲಿ ನಿಂತವನ ನೆರಳು ಪಡಸಾಲೆ ದಾಟಿ ಅಡುಗೆಮನೆಯ ಹೊಸಲವರೆಗೆ ಬಂದಿತ್ತು, ಕದಲುತ್ತಿರಲಿಲ್ಲ. ಯಜ್ಞಣ್ಣ ತಲೆ ಎತ್ತದೆ, ಒಂದು ಅಗುಳೂ ಬಿಡದೆ, ಬಟ್ಟಲು ಮುಗಿಸಿದ.